ಉಳವಿಯ ಚೆನ್ನಬಸವಣ್ಣನವರೂ ಕಾಲಜ್ಞಾನವೂ

ಮಳೆಬೆಳೆ ತಪ್ಪಿ, ಲೋಕದಲ್ಲಿ ಅಧರ್ಮ ತಲೆಯೆತ್ತಿದಾಗಲೆಲ್ಲ ಭಕ್ತರ ಮನೆಗಳಲ್ಲಿ ಕಾಲಜ್ಞಾನದ ಮಾತು ಏಳುವುದುಂಟು. ಪ್ರಳಯವೆಂದು, ವೀರವಸಂತರಾಯನು ಬರುವುದೆಂದು, ಹಾಳಾದ ಕಲ್ಯಾಣವು ಮತ್ತೆ ನೆಲೆಗೊಳ್ಳುವುದು ಯಾವ ಸಂವತ್ಸರದಲ್ಲಿ ಎಂದು ಜನರು ಕೇಳುತ್ತಾರೆ. ಇಂತಹ ಕಾಲಜ್ಞಾನದ ವಾಕ್ಯಗಳಲ್ಲಿ ಅನೇಕವು ಷಟ್‌ಸ್ಥಲಚಕ್ರವರ್ತಿ ಶ್ರೀ ಚೆನ್ನಬಸವಣ್ಣನವರ ಹೆಸರನ್ನು ಹೊತ್ತಿವೆ. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಅವರ ಜೀವಿತದಲ್ಲಿಯೇ ಅರಸುವುದು ಯುಕ್ತವಾಗಿದೆ.

ಚೆನ್ನಬಸವಣ್ಣನವರು ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಪುತ್ರರು. ಸೋದರಮಾವನ ನೆರಳಿನಲ್ಲಿ ಬೆಳೆದು, ಕಿರಿಯ ವಯಸ್ಸಿನಲ್ಲಿಯೇ ಹಿರಿಯ ಶರಣರಿಗೂ ಸಂದೇಹ ಪರಿಹರಿಸುವ ಅವಿರಳಜ್ಞಾನಿಗಳೆನಿಸಿದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಶಾಸ್ತ್ರಬದ್ಧವಾಗಿ ವಿವರಿಸಿದವರು ಅವರೇ. ಕರಣಹಸಿಗೆಯು ಅವರ ಕೃತಿಯೆಂದು ಪ್ರಸಿದ್ಧವಾಗಿದೆ. ಅಲ್ಲಮಪ್ರಭುದೇವರ ತರುವಾಯ ಶೂನ್ಯಸಿಂಹಾಸನವನ್ನೇರಿದವರೂ ಅವರೇ ಎಂಬುದು ಪರಂಪರೆಯ ಮಾತು.

ಅವರು ಕಣ್ಣಾರೆ ಕಂಡ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಅಂಬಿಗರ ಚೌಡಯ್ಯನೂ, ಮಡಿವಾಳ ಮಾಚಿದೇವನೂ, ನುಲಿಯ ಚಂದಯ್ಯನೂ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳೂ ಒಂದೇ ಅನುಭಾವಗೋಷ್ಠಿಯಲ್ಲಿ ಸಮಾನರಾಗಿ ಕುಳಿತರು. ಸತ್ತ ಮೇಲೆ ದೊರೆಯುವ ಸ್ವರ್ಗಭೋಗಕ್ಕೆ ಶರಣರು ಆಸೆಪಡಲಿಲ್ಲ. ಕಾಯಕದಿಂದ ಗಳಿಸಿ, ದಾಸೋಹದಿಂದ ಸವೆಸಿ, ಮರ್ತ್ಯದಲ್ಲಿಯೇ ಮಂಗಳವನ್ನು ತಂದರು. ಕಲ್ಯಾಣವೆಂಬ ಶಬ್ದಕ್ಕೆ ಮಂಗಳವೆಂದೇ ಅರ್ಥವಷ್ಟೆ. ಆ ಊರು ತನ್ನ ಹೆಸರಿಗೆ ತಕ್ಕಂತೆ ಬಾಳಿತು.

ಆದರೆ ಆ ಬಾಳು ದೀರ್ಘವಾಗಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ, ಹುಟ್ಟಿನಿಂದ ಬ್ರಾಹ್ಮಣನಾಗಿದ್ದ ಶರಣ ಮಧುವರಸನ ಮಗಳಿಗೂ ವಿವಾಹವಾದುದೇ ನೆಪವಾಗಿ, ಬಿಜ್ಜಳನ ಆಜ್ಞೆಯಿಂದ ಆ ಇಬ್ಬರು ತಂದೆಯರಿಗೂ ಘೋರವಾದ ಮರಣದಂಡನೆಯಾಯಿತು. ಇದು 1167ರ ಸುಮಾರಿನ ವಿಷಯ. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿ ಐಕ್ಯರಾದರು. ಬಿಜ್ಜಳನೂ ಹತನಾದನೆಂದು ಪುರಾಣಗಳು ಹೇಳುತ್ತವೆ. ನಿನ್ನೆ ದಾಸೋಹ ನಡೆದ ಬೀದಿಗಳಲ್ಲಿ ಇಂದು ಸೈನ್ಯ ನಡೆಯಿತು. ಶರಣರ ಪಾಲಿಗೆ ಅದೇ ಪ್ರಳಯ.

ಆಗ ಚೆನ್ನಬಸವಣ್ಣನವರು ಮಾಡಿದುದೇನು? ಕೆಟ್ಟ ಕಾಲವೆಂದು ಕೈಕಟ್ಟಿ ಕೂಡಲಿಲ್ಲ. ಒಳ್ಳೆಯ ಕಾಲ ತಾನೇ ಬರಲೆಂದು ಕಾಯಲೂ ಇಲ್ಲ. ಅಕ್ಕನಾಗಮ್ಮನವರನ್ನೂ ಮಾಚಿದೇವನೇ ಮೊದಲಾದ ಶರಣರನ್ನೂ ಕೂಡಿಕೊಂಡು, ವಚನಗಳ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ದಂಡನ್ನು ಎದುರಿಸುತ್ತ ಪಶ್ಚಿಮಕ್ಕೆ ನಡೆದರೆಂದು ಪರಂಪರೆಯು ಸಾರುತ್ತದೆ. ಕೊನೆಗೆ ಉತ್ತರ ಕನ್ನಡ ಜಿಲ್ಲೆಯ ದಟ್ಟಡವಿಯ ನಡುವಣ ಉಳವಿಯನ್ನು ಸೇರಿ, ಅಲ್ಲಿಯೇ ಲಿಂಗೈಕ್ಯರಾದರು. ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಭಕ್ತರು ಇಂದಿಗೂ ಆ ಯಾತ್ರೆಯನ್ನು ನೆನೆಯುತ್ತಾರೆ.

ಇನ್ನು ಕಾಲಜ್ಞಾನದ ವಿಷಯ. ವಿರೂಪಾಕ್ಷ ಪಂಡಿತನು ಚೆನ್ನಬಸವಪುರಾಣವನ್ನು ರಚಿಸಿದ್ದು 1584ರಲ್ಲಿ. ಮುಂದೆ ಬರಲಿರುವ ಅರಸರ ಸಂಗತಿಗಳನ್ನು ಅಲ್ಲಿ ಚೆನ್ನಬಸವಣ್ಣನವರ ಬಾಯಿಂದಲೇ ಹೇಳಿಸಲಾಗಿದೆ. ಅದಕ್ಕೆ ಹತ್ತೊಂಬತ್ತು ವರ್ಷ ಹಿಂದೆ, 1565ರಲ್ಲಿ, ರಕ್ಕಸ ತಂಗಡಿಯ ಯುದ್ಧದ ತರುವಾಯ ವಿಜಯನಗರವು ಸುಲಿಗೆಗೊಳಗಾಗಿತ್ತು. ಆಶ್ರಯ ಕುಸಿದ ಜನರಿಗೆ, ಹಿಂದೆಯೂ ಒಂದು ನಗರ ಹಾಳಾಗಿತ್ತು, ಆದರೂ ಧರ್ಮ ಉಳಿಯಿತು ಎಂಬ ಭರವಸೆ ಬೇಕಾಗಿತ್ತು. ಕಾಲಜ್ಞಾನದ ಹುರುಳು ಈ ಭರವಸೆಯೇ ಹೊರತು ತಿಥಿವಾರಗಳ ಲೆಕ್ಕವಲ್ಲ. ಲೆಕ್ಕ ಹಾಕಿ ದಿನವನ್ನು ನಿಶ್ಚಯಿಸಿದವರೆಲ್ಲರ ದಿನಗಳೂ ಕಳೆದುಹೋದವು. ಸೂರ್ಯನು ಎಂದಿನಂತೆ ಉದಯಿಸಿದನು.

ಉಳಿದದ್ದು ಯಾವುದು? ಹೊತ್ತು ನಡೆದ ವಚನಗಳು. ಅವು ಮಠಗಳಲ್ಲಿಯೂ ಭಕ್ತರ ಮನೆಗಳ ಜಗುಲಿಯ ಮೇಲೂ ಓಲೆಗರಿಗಳಾಗಿ ಪೂಜೆಗೊಳ್ಳುತ್ತ ಬಂದವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಕಲ್ಯಾಣದ ಅರಮನೆ ಮಣ್ಣಾಯಿತು. ಅಲ್ಲಿಯ ಮಾತು ಮಣ್ಣಾಗಲಿಲ್ಲ.

ಕಲ್ಯಾಣ ಮತ್ತೆ ಎಂದು ಬರುವುದೆಂದು ಕೇಳುವ ಗೃಹಸ್ಥನು ಮೊದಲು ತನ್ನ ಮನೆಯನ್ನು ನೋಡಿಕೊಳ್ಳಲಿ. ಅಲ್ಲಿ ದುಡಿಮೆ ಶುದ್ಧವಾಗಿದೆಯೆ? ಹಸಿದು ಬಂದವನಿಗೆ ತುತ್ತು ಇದೆಯೆ? ಹರಳಯ್ಯನಂಥವನು ಬಂದರೆ ಜಗುಲಿಯ ಮೇಲೆ ಸರಿಸಮನಾಗಿ ಕೂರಿಸುವ ಮನಸ್ಸಿದೆಯೆ? ಇದ್ದರೆ ಆ ಮನೆಗೆ ಕಲ್ಯಾಣ ಬಂದಾಯಿತು. ಇಲ್ಲದಿದ್ದರೆ ವಸಂತರಾಯನೇ ಬಾಗಿಲಿಗೆ ಬಂದು ನಿಂತರೂ ಅವನನ್ನು ಗುರುತಿಸುವ ಕಣ್ಣು ನಮಗಿರಲಾರದು.