ಸಂತ ಥಾಮಸ್ ಮೋರ್: ಧರ್ಮಸಭೆಯ ಶಿರಸ್ಸು ಯಾರು ಎಂಬ ಪ್ರಶ್ನೆಗೆ ಪ್ರಾಣ ತೆತ್ತ ಶ್ರೀಸಾಮಾನ್ಯ

ಜೂನ್ 22ರಂದು ಧರ್ಮಸಭೆಯ ಪಂಚಾಂಗದಲ್ಲಿ ಇಬ್ಬರು ರಕ್ತಸಾಕ್ಷಿಗಳ ಹೆಸರು ಒಟ್ಟಿಗೆ ಬರುತ್ತದೆ. ಒಬ್ಬರು ಧರ್ಮಾಧ್ಯಕ್ಷ ಸಂತ ಜಾನ್ ಫಿಶರ್, ಇನ್ನೊಬ್ಬರು ವಕೀಲರೂ ಸಂಸಾರಿಯೂ ಆಗಿದ್ದ ಸಂತ ಥಾಮಸ್ ಮೋರ್. ಮಳೆ ಹಿಡಿದು, ಶಾಲೆಗಳು ಆರಂಭವಾಗಿ, ಮನೆಮನೆಯಲ್ಲೂ ಗಡಿಬಿಡಿ ಇರುವ ಆ ದಿನಗಳಲ್ಲಿ ಈ ಸ್ಮರಣೆ ನಮ್ಮ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಬೆಳಗಿನ ಬಲಿಪೂಜೆಯ ಒಂದು ಪ್ರಾರ್ಥನೆಯೊಂದಿಗೆ ಮುಗಿದುಹೋಗುತ್ತದೆ. ಕ್ರಿಸ್ತರೇ ಧರ್ಮಸಭೆಯ ಶಿರಸ್ಸು ಎಂದು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಗಳು ಸಾರುತ್ತವೆ, ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೂ ನಾವು ಅದನ್ನು ಕಲಿಸುತ್ತೇವೆ. ಆದರೆ ಆ ಮಾತನ್ನು ಒಬ್ಬ ಶ್ರೀಸಾಮಾನ್ಯ ವಿಶ್ವಾಸಿ ನ್ಯಾಯಾಲಯದಲ್ಲಿ ನಿಂತು ಕಾಪಾಡಬೇಕಾಗಿ ಬಂದ ಕಥೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಥಾಮಸ್ ಮೋರ್ ಹುಟ್ಟಿದ್ದು 1478ರಲ್ಲಿ, ಲಂಡನ್ ನಗರದಲ್ಲಿ. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಬಾಲಕ ಥಾಮಸ್ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಜಾನ್ ಮಾರ್ಟನ್ ಅವರ ಮನೆಯಲ್ಲಿ ಸೇವಕನಾಗಿದ್ದು, ಬಳಿಕ ಆಕ್ಸ್‌ಫರ್ಡಿನಲ್ಲಿ ಸುಮಾರು ಎರಡು ವರ್ಷ ಓದಿ, ತಂದೆಯ ಇಚ್ಛೆಯಂತೆ ಕಾನೂನು ಅಭ್ಯಾಸಕ್ಕೆ ತಿರುಗಿದರು. ಯೌವನದಲ್ಲಿ ಕೆಲವು ವರ್ಷ ಲಂಡನ್ನಿನ ಕಾರ್ಥೂಸಿಯನ್ ಸನ್ಯಾಸಿಗಳ ಮಠದ ಒಡನಾಟದಲ್ಲಿದ್ದು ಅವರೊಂದಿಗೆ ಪ್ರಾರ್ಥನೆ ಉಪವಾಸಗಳಲ್ಲಿ ಪಾಲ್ಗೊಂಡರು. ಸನ್ಯಾಸಿಯಾಗಬೇಕೇ ಸಂಸಾರಿಯಾಗಬೇಕೇ ಎಂದು ಅಲ್ಲಿ ತೂಗಿ ನೋಡಿ, ಕೊನೆಗೆ ವಿವಾಹ ಜೀವನವನ್ನೇ ಆರಿಸಿಕೊಂಡರು. ಆದರೂ ಆ ಮಠದಿಂದ ಕಲಿತ ಒಂದು ಅಭ್ಯಾಸವನ್ನು ಬಿಡಲಿಲ್ಲ. ರೇಷ್ಮೆಯ ದರ್ಬಾರಿ ಉಡುಪಿನ ಒಳಗೆ, ಮೈಗೆ ಚುಚ್ಚುವ ಒರಟು ಕೂದಲಿನ ಅಂಗಿಯನ್ನು ತೊಡುತ್ತಿದ್ದರು. ಅದು ಹೆಚ್ಚುಕಡಿಮೆ ಮಗಳು ಮಾರ್ಗರೆಟ್ ಒಬ್ಬಳಿಗೇ ತಿಳಿದಿತ್ತು.

ಮೊದಲ ಪತ್ನಿ ಜೇನ್ ನಾಲ್ಕು ಮಕ್ಕಳನ್ನು ಬಿಟ್ಟು 1511ರಲ್ಲಿ ತೀರಿಕೊಂಡಾಗ, ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಹೆಣ್ಣುಮಕ್ಕಳಿಗೂ ಗಂಡುಮಗನಿಗೂ ಒಂದೇ ಬಗೆಯ ಶಿಕ್ಷಣ ಕೊಡಿಸಿದರು. ಹೆಣ್ಣುಮಕ್ಕಳಿಗೆ ಲ್ಯಾಟಿನ್, ಗ್ರೀಕ್ ಕಲಿಸುವ ಮನೆ ಅಂದಿನ ಯುರೋಪಿನಲ್ಲೇ ಅಪರೂಪ. ಮಿತ್ರ ಎರಾಸ್ಮಸ್ ಆ ಮನೆಯಲ್ಲಿ ಅತಿಥಿಯಾಗಿದ್ದವರು. 1516ರಲ್ಲಿ ಪ್ರಕಟವಾದ 'ಯುಟೋಪಿಯಾ' ಮೋರ್ ಅವರನ್ನು ಯುರೋಪಿನಾದ್ಯಂತ ಪ್ರಸಿದ್ಧಗೊಳಿಸಿತು. ಉಳಿದ ಏರುಗತಿ ಬೇಗ ಬೇಗ ನಡೆಯಿತು: ರಾಜನ ಸಲಹಾ ಮಂಡಳಿ, ನೈಟ್ ಪದವಿ, 1523ರಲ್ಲಿ ಸಂಸತ್ತಿನ ಸಭಾಪತಿ ಸ್ಥಾನ, 1529ರಲ್ಲಿ ಇಡೀ ದೇಶದ ನ್ಯಾಯಾಡಳಿತದ ತುದಿಯಲ್ಲಿರುವ ಲಾರ್ಡ್ ಚಾನ್ಸೆಲರ್ ಹುದ್ದೆ.

ಇಲ್ಲಿ ಒಂದು ಕಹಿ ಸಂಗತಿಯನ್ನು ಮರೆಮಾಚದೆ ಹೇಳಬೇಕು. ಅವರು ಚಾನ್ಸೆಲರ್ ಆಗಿದ್ದ ಅವಧಿಯಲ್ಲಿ ಆರು ಮಂದಿಯನ್ನು ಪಾಷಂಡಿಗಳೆಂದು ಜೀವಂತ ಸುಡಲಾಯಿತು. ಅಂಥ ಶಿಕ್ಷೆಯನ್ನು ಮೋರ್ ಒಪ್ಪಿದ್ದರು, ಬರಹದಲ್ಲಿ ಸಮರ್ಥಿಸಿಯೂ ಇದ್ದರು. 2000ದಲ್ಲಿ ಅವರನ್ನು ರಾಜಕಾರಣಿಗಳ ಹಾಗೂ ಆಡಳಿತಗಾರರ ಪಾಲಕ ಸಂತರೆಂದು ಘೋಷಿಸಿದಾಗ ಪೋಪ್ ಎರಡನೇ ಜಾನ್ ಪೌಲರು ಈ ವಿಷಯದಲ್ಲಿ ಮೋರ್ ತಮ್ಮ ಕಾಲದ ಸಂಸ್ಕೃತಿಯ ಮಿತಿಗೆ ಒಳಗಾಗಿದ್ದರೆಂದು ಸ್ಪಷ್ಟವಾಗಿ ಗುರುತಿಸಿದರು. ವಿಶ್ವಾಸದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ಸಲ್ಲದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಸಂತರೂ ಧರ್ಮಸಭೆಯ ಒಡೆಯರಲ್ಲ, ಅವರ ಮೇಲೂ ಕ್ರಿಸ್ತರ ತೀರ್ಪು ಇದೆ.

ಇನ್ನು ರಾಜನ ವಿಚಾರ. ಎಂಟನೇ ಹೆನ್ರಿ 1521ರಲ್ಲಿ ಲೂಥರರ ವಿರುದ್ಧ ಏಳು ಸಂಸ್ಕಾರಗಳನ್ನು ಸಮರ್ಥಿಸಿ ಪುಸ್ತಕ ಬರೆದವನು. ಅದಕ್ಕಾಗಿ ಪೋಪ್ ಹತ್ತನೇ ಲಿಯೋ ಅವನಿಗೆ ವಿಶ್ವಾಸದ ರಕ್ಷಕ ಎಂಬ ಬಿರುದು ಕೊಟ್ಟರು. ಆ ಪುಸ್ತಕದ ಕರಡು ಓದಿದ ಮೋರ್, ಪೋಪರ ಅಧಿಕಾರದ ಬಗ್ಗೆ ಇಷ್ಟು ಬಲವಾಗಿ ಬರೆಯುವುದು ಬೇಡ, ಪೋಪರೂ ಒಬ್ಬ ಅರಸರೇ, ಮುಂದೆ ಅವರೊಂದಿಗೆ ವೈಮನಸ್ಯ ಬಂದರೆ ತೊಡಕಾದೀತು ಎಂದು ಸಲಹೆ ನೀಡಿದ್ದರು. ರಾಜ ಒಂದಕ್ಷರವನ್ನೂ ಬದಲಿಸಲು ಒಪ್ಪಲಿಲ್ಲ! ಪೇತ್ರರ ಪೀಠದ ಅಧಿಕಾರ ಕ್ರಿಸ್ತರಿಂದಲೇ ಬಂದುದೇ ಎಂಬ ಬಗ್ಗೆ ಆಗ ಮೋರ್ ಅವರಿಗೇ ಪೂರ್ಣ ಖಚಿತತೆ ಇರಲಿಲ್ಲ. ಬಳಿಕ ಹಲವು ವರ್ಷ ಧರ್ಮಸಭೆಯ ಪಿತೃಗಳ ಗ್ರಂಥಗಳನ್ನೂ ಮಹಾಸಭೆಗಳ ನಿರ್ಣಯಗಳನ್ನೂ ಓದಿ ಅವರು ಆ ನಿಲುವಿಗೆ ಬಂದರು. ಮೋರ್ ಯಾರದೋ ಮಾತು ಕೇಳಿ ಹಟ ಹಿಡಿದವರಲ್ಲ, ಓದಿ ತಿಳಿದು ನಂಬಿದವರು. ಇದನ್ನು ನಮ್ಮ ಧರ್ಮೋಪದೇಶಕರು ಗಮನಿಸಬೇಕು.

ಹೆನ್ರಿಗೆ ಪತ್ನಿ ಕ್ಯಾಥರೀನಳಿಂದ ಬದುಕುಳಿದದ್ದು ಹೆಣ್ಣುಮಗು ಮೇರಿ ಮಾತ್ರ. 1527ರಿಂದ ಅವನು ಆ ವಿವಾಹವನ್ನು ಅಸಿಂಧುವೆಂದು ಘೋಷಿಸಿಕೊಂಡು ಆನ್ ಬೊಲಿನಳನ್ನು ಮದುವೆಯಾಗಲು ಯತ್ನಿಸಿದ. ಪೋಪ್ ಏಳನೇ ಕ್ಲೆಮೆಂಟ್ ಅದಕ್ಕೆ ಒಪ್ಪಿಗೆ ನೀಡಲಿಲ್ಲ. ರೋಮಿನಿಂದ ಸಿಗದ ತೀರ್ಪನ್ನು ಮನೆಯಲ್ಲೇ ಪಡೆಯಲು ರಾಜ ಹೊರಟಾಗ ಅಡ್ಡ ನಿಲ್ಲಬೇಕಾದವರು ಇಂಗ್ಲೆಂಡಿನ ಧರ್ಮಾಧ್ಯಕ್ಷರೂ ಧರ್ಮಗುರುಗಳೂ.

1531ರ ಫೆಬ್ರವರಿಯಲ್ಲಿ ನಡೆದುದನ್ನು ಧರ್ಮಗುರುಗಳಾದ ನಾವು ಓದುವಾಗ ತಲೆ ತಗ್ಗುತ್ತದೆ. ರೋಮಿನ ಅಧಿಕಾರವನ್ನು ಅಕ್ರಮವಾಗಿ ಚಲಾಯಿಸಿದ ಆರೋಪ ಹೊರಿಸಿ ಇಡೀ ಧರ್ಮಗುರುವರ್ಗವನ್ನು ರಾಜ ಹೆದರಿಸಿದ್ದ. ಕ್ಯಾಂಟರ್‌ಬರಿ ಪ್ರಾಂತ್ಯದವರು ಒಂದು ಲಕ್ಷ ಪೌಂಡ್ ಕೊಟ್ಟು ಕ್ಷಮೆ ಕೊಳ್ಳಲು ಒಪ್ಪಿದರು. ಹಣ ಸಾಲದು, ತನ್ನನ್ನು ಇಂಗ್ಲೆಂಡಿನ ಧರ್ಮಸಭೆಯ ಪರಮ ಶಿರಸ್ಸೆಂದು ಒಪ್ಪಬೇಕು ಎಂದ ರಾಜ. ಕ್ರಿಸ್ತರ ನಿಯಮ ಅನುಮತಿಸುವ ಮಟ್ಟಿಗೆ ಎಂಬ ಷರತ್ತನ್ನು ಸೇರಿಸಿ, ವಯೋವೃದ್ಧ ಮಹಾಧರ್ಮಾಧ್ಯಕ್ಷ ವಾರ್‌ಹ್ಯಾಮ್ ಅದನ್ನು ಸಭೆಯ ಮುಂದಿಟ್ಟರು. ಯಾರೂ ಬಾಯಿ ಬಿಡಲಿಲ್ಲ. ಮೌನವೆಂದರೆ ಸಮ್ಮತಿಯೆಂದು ಅವರು ನುಡಿದರು, ನಾವೆಲ್ಲರೂ ಮೌನವಾಗಿದ್ದೇವೆ ಎಂದು ಸಭೆಯಿಂದ ಒಬ್ಬರು ಉತ್ತರಿಸಿದರು. ನಿರ್ಣಯ ಅಂಗೀಕಾರವಾಯಿತು. ಮರುವರ್ಷ ಮೇ 15ರಂದು, ರಾಜನ ಅನುಮತಿಯಿಲ್ಲದೆ ಯಾವ ಧರ್ಮಸಭಾ ಕಾನೂನನ್ನೂ ಮಾಡುವುದಿಲ್ಲವೆಂದು ಅವರು ಬರೆದುಕೊಟ್ಟರು. ಮಾರನೆಯ ದಿನ ಮೋರ್ ರಾಜಮುದ್ರೆಯನ್ನು ಹಿಂದಿರುಗಿಸಿ ಹುದ್ದೆ ತೊರೆದರು.

ವರಮಾನ ಕುಸಿಯಿತು. ಚೆಲ್ಸಿಯ ಮನೆಯಲ್ಲಿ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಒಟ್ಟಿಗಿದ್ದರು. ಎಲ್ಲರನ್ನೂ ಕೂರಿಸಿ, ತಾವು ವಿದ್ಯಾರ್ಥಿಯಾಗಿದ್ದ ಕಾಲದ ಊಟದ ಮಟ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋಣ, ಅದೂ ಸಾಲದಿದ್ದರೆ ಜೋಳಿಗೆ ಹಿಡಿದು ಒಟ್ಟಾಗಿ ಹಾಡುತ್ತಾ ಭಿಕ್ಷೆಗೆ ಹೋಗೋಣ ಎಂದು ನಗಿಸಿದರಂತೆ. 1533ರ ಜೂನ್ 1ರಂದು ಆನ್ ಬೊಲಿನಳ ಕಿರೀಟಧಾರಣೆಗೆ ಬರಬೇಕೆಂದು ಮೂವರು ಧರ್ಮಾಧ್ಯಕ್ಷರು ಹೊಸ ನಿಲುವಂಗಿಗಾಗಿ 20 ಪೌಂಡ್ ಕಳುಹಿಸಿದರು. ಮೋರ್ ಹಣ ಇಟ್ಟುಕೊಂಡರು, ಸಮಾರಂಭಕ್ಕೆ ಹೋಗಲಿಲ್ಲ.

1534ರ ಏಪ್ರಿಲ್ 13ರಂದು ಉತ್ತರಾಧಿಕಾರದ ಕಾನೂನಿಗೆ ಪ್ರಮಾಣ ಮಾಡಲು ಅವರಿಗೆ ಕರೆ ಬಂತು. ದೂರ ಹೋಗುವಾಗಲೆಲ್ಲ ಹೆಂಡತಿ ಮಕ್ಕಳು ದೋಣಿಯವರೆಗೆ ಬಂದು ಮುತ್ತಿಟ್ಟು ಬೀಳ್ಕೊಡುವುದು ಆ ಮನೆಯ ರೂಢಿ. ಅಂದು ಮೋರ್ ತೋಟದ ಗೇಟನ್ನು ತಮ್ಮ ಬೆನ್ನ ಹಿಂದೆ ಎಳೆದುಕೊಂಡರು, ಯಾರನ್ನೂ ಜೊತೆಗೆ ಬಿಡಲಿಲ್ಲ. ಪಟ್ಟ ಯಾರಿಗೆ ಹೋಗಬೇಕೆಂದು ನಿರ್ಧರಿಸುವ ಹಕ್ಕು ಸಂಸತ್ತಿಗಿದೆ, ಅದಕ್ಕೆ ಪ್ರಮಾಣ ಮಾಡಬಲ್ಲೆ ಎಂದು ಅವರು ಅಧಿಕಾರಿಗಳ ಮುಂದೆ ತಿಳಿಸಿದರು. ಆದರೆ ಪೋಪರ ಅಧಿಕಾರವನ್ನು ತಳ್ಳಿಹಾಕುವ ರೀತಿಯಲ್ಲಿ ರಚಿಸಲಾದ ಆ ಪ್ರಮಾಣವನ್ನು ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ. ನಾಲ್ಕು ದಿನಗಳ ಬಳಿಕ ಅವರನ್ನು ಲಂಡನ್ ಟವರ್ ಸೆರೆಮನೆಗೆ ಕಳುಹಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸಂಸತ್ತು ರಾಜನನ್ನು ಧರ್ಮಸಭೆಯ ಪರಮ ಶಿರಸ್ಸೆಂದು ಕಾನೂನಿನಿಂದಲೇ ಘೋಷಿಸಿತು. ಈ ಬಾರಿ ಕ್ರಿಸ್ತರ ನಿಯಮದ ಷರತ್ತು ಇರಲಿಲ್ಲ.

ಸೆರೆಮನೆಯಲ್ಲಿ ಅತಿ ಕಠಿಣವಾದ ಪರೀಕ್ಷೆ ಬಂದದ್ದು ಮನೆಯವರಿಂದ. ಪುಸ್ತಕಗಳೂ ತೋಟವೂ ಇರುವ ಚಂದದ ಮನೆ ಬಿಟ್ಟು ಇಲಿಗಳ ನಡುವೆ ಏಕೆ ಕುಳಿತಿದ್ದೀರಿ, ದೇಶದ ಧರ್ಮಾಧ್ಯಕ್ಷರೆಲ್ಲ ಮಾಡಿದ್ದನ್ನು ನೀವೂ ಮಾಡಬಾರದೇ ಎಂದು ಆಲಿಸ್ ಜಗಳ ತೆಗೆದರು. ಮಾರ್ಗರೆಟ್ ಸ್ವತಃ ದೇವರ ನಿಯಮಕ್ಕೆ ಒಳಪಟ್ಟು ಎಂಬ ಷರತ್ತಿನೊಂದಿಗೆ ಪ್ರಮಾಣ ಮಾಡಿಬಿಟ್ಟಿದ್ದಳು. ತಂದೆಯನ್ನೂ ಒಪ್ಪಿಸಲು ಗಂಟೆಗಟ್ಟಲೆ ವಾದಿಸಿದಳು. ಮೋರ್ ಮಗಳ ಮೇಲೆ ಕೋಪಿಸಿಕೊಳ್ಳಲಿಲ್ಲ, ಪ್ರಮಾಣ ಮಾಡಿದ ಯಾರನ್ನೂ ಖಂಡಿಸಲಿಲ್ಲ. ಬೇರೆಯವರ ಮನಸ್ಸಾಕ್ಷಿ ಅವರಿಗೆ, ತಮ್ಮದು ತಮಗೆ ಎಂಬುದಷ್ಟೇ ಅವರ ನಿಲುವು. ಸತ್ಯಕ್ಕಾಗಿ ನಿಂತೆವೆಂದು ಹೇಳಿಕೊಂಡು ಪಾಲನಾ ಪರಿಷತ್ತಿನ ಸಭೆಯಲ್ಲಿ ಹತ್ತು ಜನರನ್ನು ಹೀಯಾಳಿಸಿ ಬರುವ ನಮಗೆ ಇದು ಅಷ್ಟು ಸುಲಭವಾಗಿ ಅರ್ಥವಾಗದು.

ಕಾಗದ ಸಿಗದಾಗ ಇದ್ದಿಲಿನಿಂದ ಮಗಳಿಗೆ ಪತ್ರ ಬರೆದರು. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿ ಅನುಭವಿಸಿದ ದುಃಖದ ಬಗ್ಗೆ ಲ್ಯಾಟಿನಿನಲ್ಲಿ ಒಂದು ಗ್ರಂಥ ಬರೆಯತೊಡಗಿದರು. ಯೂದ ಎಚ್ಚರವಾಗಿದ್ದಾಗ ಪ್ರೇಷಿತರು ನಿದ್ರಿಸುತ್ತಿದ್ದುದನ್ನು ಕುರಿತು ಬರೆಯುವಲ್ಲಿ, ಮಂದೆ ಅಪಾಯದಲ್ಲಿರುವಾಗ ನಿದ್ದೆಹೋಗುವ ಧರ್ಮಾಧ್ಯಕ್ಷರನ್ನು ಅವರು ನೆನೆಯುತ್ತಾರೆ. ಯೇಸುವಿನ ಮೇಲೆ ಕೈಹಾಕಿ ಹಿಡಿದ ಘಟನೆಯಲ್ಲಿ ಆ ಬರಹ ನಿಂತುಹೋಗಿದೆ. ಅವರ ಕೈಬರಹದ ಪ್ರತಿ ಈಗ ಸ್ಪೇನಿನ ವೆಲೆನ್ಸಿಯಾದಲ್ಲಿದೆ.

1535ರ ಮೇ 4ರಂದು ಕಾರ್ಥೂಸಿಯನ್ ಸನ್ಯಾಸಿಗಳನ್ನು ಗಲ್ಲಿಗೆ ಒಯ್ಯುವುದನ್ನು ಮೋರ್ ಸೆರೆಮನೆಯ ಕಿಟಕಿಯಿಂದ ಮಾರ್ಗರೆಟ್ ಜೊತೆ ನಿಂತು ನೋಡಿದರು. ಅವರಲ್ಲಿ ಒಬ್ಬರು, ಯೌವನದಲ್ಲಿ ತಾವು ಪ್ರಾರ್ಥಿಸಿದ್ದ ಅದೇ ಮಠದ ಮುಖ್ಯಸ್ಥರು. ಜೂನ್ 22ರಂದು ರಾಚೆಸ್ಟರಿನ ಧರ್ಮಾಧ್ಯಕ್ಷ ಜಾನ್ ಫಿಶರ್ ಶಿರಚ್ಛೇದಕ್ಕೆ ಒಳಗಾದರು. ಪೋಪ್ ಮೂರನೇ ಪೌಲರು ಅವರನ್ನು ಒಂದು ತಿಂಗಳ ಹಿಂದಷ್ಟೇ ಕಾರ್ಡಿನಲ್ ಆಗಿ ನೇಮಿಸಿದ್ದರು. ಆ ಪ್ರಮಾಣಕ್ಕೆ ಕೊನೆಯವರೆಗೂ ಮಣಿಯದೆ ಪ್ರಾಣ ಕೊಟ್ಟ ಇಂಗ್ಲೆಂಡಿನ ಧರ್ಮಾಧ್ಯಕ್ಷರು ಅವರೊಬ್ಬರೇ.

ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಮೋರ್ ಅವರ ವಿಚಾರಣೆ. ನ್ಯಾಯಪೀಠದಲ್ಲಿ ಆನ್ ಬೊಲಿನಳ ತಂದೆ, ಸಹೋದರ, ಸೋದರಮಾವ ಮೂವರೂ ಕುಳಿತಿದ್ದರು. ದುರುದ್ದೇಶದಿಂದ ಮೌನವಾಗಿದ್ದು ರಾಜನ ಪದವಿಯನ್ನು ನಿರಾಕರಿಸಿದರೆಂಬುದು ಒಂದು ಆರೋಪ. ಮೌನವನ್ನು ಕಾನೂನು ಸಮ್ಮತಿಯೆಂದು ತಿಳಿಯುತ್ತದೆಯೇ ಹೊರತು ನಿರಾಕರಣೆಯೆಂದಲ್ಲ ಎಂದು ಮೋರ್ ವಾದಿಸಿದರು. ನಾಲ್ಕು ವರ್ಷಗಳ ಹಿಂದೆ ಧರ್ಮಗುರುಗಳ ಸಭೆಯಲ್ಲಿ ರಾಜನ ಪರ ಬಳಕೆಯಾದ ಸೂತ್ರವೇ ಅದು. ಮೋರ್ ಪಾಲಿಗೆ ಅದು ಕೆಲಸಕ್ಕೆ ಬರಲಿಲ್ಲ. ಅವರ ಮೌನ ಏನು ಹೇಳುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಸೆರೆಮನೆಯಲ್ಲಿ ರಾಜನ ಪದವಿಯ ವಿರುದ್ಧ ಮಾತನಾಡಿದರೆಂದು ರಿಚರ್ಡ್ ರಿಚ್ ಎಂಬ ಅಧಿಕಾರಿ ಸಾಕ್ಷಿ ನುಡಿದ. ಅದು ಸುಳ್ಳೆಂದು ಮೋರ್ ಖಂಡಿಸಿದರು. ಹನ್ನೆರಡು ಮಂದಿ ಪಂಚರಿಗೆ ತೀರ್ಪು ಕೊಡಲು ಕಾಲು ಗಂಟೆ ಸಾಕಾಯಿತು.

ತೀರ್ಪು ಬಂದ ಮೇಲೆ ಮೋರ್ ಮೌನ ಮುರಿದರು. ಧರ್ಮಸಭೆಯ ಪರಮಾಧಿಕಾರವನ್ನು ಕ್ರಿಸ್ತರು ಭೂಮಿಯ ಮೇಲಿದ್ದಾಗ ತಮ್ಮ ಬಾಯಿಂದಲೇ ಪೇತ್ರರಿಗೂ ಅವರ ಉತ್ತರಾಧಿಕಾರಿಗಳಿಗೂ ಕೊಟ್ಟಿದ್ದಾರೆ, ಯಾವ ಅರಸನೂ ಯಾವ ಸಂಸತ್ತೂ ಅದನ್ನು ತೆಗೆದುಕೊಳ್ಳಲಾಗದು ಎಂದರು. ಲಂಡನ್ ನಗರ ಇಡೀ ದೇಶದ ಸಂಸತ್ತಿಗೆ ವಿರುದ್ಧವಾಗಿ ಕಾನೂನು ಮಾಡಲಾಗದಂತೆ, ಧರ್ಮಸಭೆಯ ಒಂದು ಅಂಗ ಮಾತ್ರವಾದ ಇಂಗ್ಲೆಂಡ್ ಇಡೀ ಧರ್ಮಸಭೆಗೆ ವಿರುದ್ಧವಾಗಿ ಕಾನೂನು ಮಾಡಲಾಗದು ಎಂದು ವಕೀಲರ ಧಾಟಿಯಲ್ಲೇ ವಿವರಿಸಿದರು. ಹೊರಡುವ ಮುನ್ನ, ಸ್ತೇಫನರ ಕೊಲೆಗೆ ಸಮ್ಮತಿಸಿದ ಪೌಲರು ಈಗ ಸ್ತೇಫನರೊಂದಿಗೆ ಸ್ವರ್ಗದಲ್ಲಿರುವಂತೆ, ತನಗೆ ಶಿಕ್ಷೆ ವಿಧಿಸಿದವರೊಡನೆ ತಾನೂ ಅಲ್ಲಿ ಸೇರುವಂತಾಗಲಿ ಎಂದು ಹಾರೈಸಿದರು. ಟವರಿಗೆ ಹಿಂದಿರುಗುವ ದಾರಿಯಲ್ಲಿ ಮಾರ್ಗರೆಟ್ ಆಯುಧಧಾರಿ ಕಾವಲುಗಾರರ ನಡುವೆ ನುಗ್ಗಿ ತಂದೆಯನ್ನು ಎಲ್ಲರೆದುರು ಅಪ್ಪಿಕೊಂಡಳು.

ಜುಲೈ 5ರಂದು ಮೋರ್ ಆ ಕೂದಲಿನ ಅಂಗಿಯನ್ನು ಮಗಳಿಗೆ ಕಳುಹಿಸಿಕೊಟ್ಟರು. ಮರುದಿನ ಬೆಳಿಗ್ಗೆ ಟವರ್ ಹಿಲ್‌ನಲ್ಲಿ ಅವರ ಶಿರಚ್ಛೇದ ನಡೆಯಿತು. ರಾಜನ ಮೇಲೆ ದ್ವೇಷದ ಮಾತು ಅವರ ಬಾಯಿಂದ ಬರಲಿಲ್ಲ. ಅವನ ಸೇವಕನಾಗಿಯೇ ಸಾಯುತ್ತಿದ್ದೇನೆ, ಆದರೆ ದೇವರ ಸೇವೆ ಮೊದಲು ಎಂಬ ಅರ್ಥದ ಮಾತು ಆಡಿದರೆಂದು ಸಮಕಾಲೀನರು ದಾಖಲಿಸಿದ್ದಾರೆ.

1886ರಲ್ಲಿ ಪೋಪ್ ಹದಿಮೂರನೇ ಲಿಯೋ ಅವರನ್ನು ಪುನೀತರೆಂದೂ, 1935ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಸಂತರೆಂದೂ ಘೋಷಿಸಿದರು. 1925ರಲ್ಲಿ ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದವರೂ ಇದೇ ಹನ್ನೊಂದನೇ ಪಿಯುಸ್. ಹೆನ್ರಿಯ ಮಗಳು ಮೊದಲನೇ ಎಲಿಜಬೆತ್ 1559ರಲ್ಲಿ ಪರಮ ಶಿರಸ್ಸು ಎಂಬ ಪದವನ್ನು ಕೈಬಿಟ್ಟು ಪರಮ ಆಡಳಿತಗಾರ್ತಿ ಎಂಬ ಹೆಸರು ಇಟ್ಟುಕೊಂಡಳು. ಶಿರಸ್ಸು ಎಂಬುದು ಕ್ರಿಸ್ತರೊಬ್ಬರಿಗೇ ಸಲ್ಲುವ ಹೆಸರೆಂದು ಪ್ರೊಟೆಸ್ಟೆಂಟರಲ್ಲೂ ಅನೇಕರು ಆಕ್ಷೇಪಿಸಿದ್ದರು. 1980ರಲ್ಲಿ ಆಂಗ್ಲಿಕನ್ ಧರ್ಮಸಭೆಯೂ ಮೋರ್ ಹಾಗೂ ಫಿಶರರ ಹೆಸರನ್ನು ತನ್ನ ಪಂಚಾಂಗಕ್ಕೆ ಸೇರಿಸಿಕೊಂಡಿತು.

ಲಂಡನ್ ಸೇತುವೆಯ ಮೇಲೆ ಪ್ರದರ್ಶನಕ್ಕಿಟ್ಟ ತಲೆಯನ್ನು ಮಾರ್ಗರೆಟ್ ಹೇಗೋ ಪಡೆದುಕೊಂಡಳು. ಈಗ ಅದು ಕ್ಯಾಂಟರ್‌ಬರಿಯ ಸಂತ ಡನ್‌ಸ್ಟನ್ ದೇವಾಲಯದಲ್ಲಿ ಆಕೆಯ ಗಂಡನ ಮನೆತನದ ಸಮಾಧಿಯಲ್ಲಿದೆ. ದೇಹವನ್ನು ಟವರಿನೊಳಗೆ, ಸಂಕೋಲೆಗಳಲ್ಲಿರುವ ಸಂತ ಪೇತ್ರರ ಹೆಸರಿನ ಪ್ರಾರ್ಥನಾಲಯದಲ್ಲಿ ಹೂಳಲಾಯಿತು. ಮರುವರ್ಷದ ಮೇ ತಿಂಗಳಲ್ಲಿ ಅದೇ ರಾಜನ ಆಜ್ಞೆಯಂತೆ ತಲೆ ಕಳೆದುಕೊಂಡ ಆನ್ ಬೊಲಿನಳನ್ನೂ, 1540ರಲ್ಲಿ ಈ ಕಾನೂನುಗಳನ್ನೆಲ್ಲ ಹೆಣೆದ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನನ್ನೂ ಅದೇ ಪ್ರಾರ್ಥನಾಲಯಕ್ಕೆ ತಂದು ಹೂತರು.