ಸಂಪಿಗೆಯ ಇಂಗ್ಲಿಷ್ ಮೇಷ್ಟ್ರು ಮತ್ತು ನಮ್ಮ ಕನ್ನಡತನ

ನೊಣವಿನಕೆರೆಯಿಂದ ತಿಪಟೂರಿಗೆ ಪಿಯುಸಿ ಓದಲು ಬಸ್ಸು ಹತ್ತುವ ಮಕ್ಕಳನ್ನು ಮೊದಲ ವಾರದಲ್ಲೇ ಎರಡು ಗುಂಪು ಮಾಡಿಬಿಡುವ ಪ್ರಶ್ನೆಯೊಂದಿದೆ. ಹತ್ತನೇ ಕ್ಲಾಸು ಯಾವ ಮೀಡಿಯಂನಲ್ಲಿ ಓದಿದ್ದು ಅನ್ನೋದು. ಜಾತಿಯನ್ನು ಸುತ್ತಿ ಬಳಸಿ ಕೇಳುವವರೂ ಇದನ್ನು ಮಾತ್ರ ನೇರವಾಗಿ ಕೇಳ್ತಾರೆ. ಕನ್ನಡ ಮೀಡಿಯಂ ಅಂದರೆ ಸೈನ್ಸ್ ಕ್ಲಾಸಿನಲ್ಲಿ ಹಿಂದಿನ ಬೆಂಚು. ಇಂಗ್ಲಿಷ್ ಮೀಡಿಯಂ ಅಂದರೆ ನೆಂಟರ ಮನೆಯಲ್ಲಿ ಲಗ್ನಪತ್ರಿಕೆ ಓದಲು ತಡವರಿಸಿ ನಗೆಪಾಟಲಾಗೋದು. ಮುಂದೆ ಬೆಂಗಳೂರು ಸೇರಿದರೆ ಅಲ್ಲಿ ಇನ್ನೊಂದು ಪರೀಕ್ಷೆ. ನವೆಂಬರ್ ತಿಂಗಳಲ್ಲಿ ಕೊರಳಿಗೆ ಶಾಲು ಹಾಕಿಕೊಂಡು ಎಷ್ಟು ಜೋರಾಗಿ ಕೂಗ್ತೀರಿ ಅನ್ನೋದರ ಮೇಲೆ ನಿಮ್ಮ ಕನ್ನಡತನವನ್ನು ಅಳೆಯುವವರು ಕಾದಿರ್ತಾರೆ.

ನಾನೂ ಈ ದಾರಿಯಲ್ಲೇ ಬಂದವನು. ಹದಿನಾರರಿಂದ ಇಪ್ಪತ್ತೆರಡರ ನಡುವೆ ನಾವು ಯಾರವರು, ಎಲ್ಲಿಯವರು ಅಂತ ತೀರ್ಮಾನಿಸಿಕೊಳ್ಳುವ ವಯಸ್ಸಿನಲ್ಲಿ ನಮ್ಮ ಮುಂದೆ ಇರೋದು ಎರಡೇ ಆಯ್ಕೆ ಅನ್ನೋ ಹಾಗೆ ಮಾಡಿಟ್ಟಿದ್ದಾರೆ. ಇಂಗ್ಲಿಷಿನ ಕಡೆ ಓಡು, ಇಲ್ಲವೇ ಇಂಗ್ಲಿಷನ್ನು ಬಯ್ಯುತ್ತಾ ಕನ್ನಡದ ಕಾವಲುಗಾರನಾಗು. ಈ ಎರಡನ್ನೂ ಮಾಡದೆ ಕನ್ನಡಿಗರಾದ ಒಬ್ಬರ ಬದುಕನ್ನು ಇಲ್ಲಿ ಹೇಳಬೇಕು ಅನ್ನಿಸಿದೆ. ಅವರು ಹುಟ್ಟಿದ್ದು ನಮ್ಮ ತುರುವೇಕೆರೆ ಸೀಮೆಯಲ್ಲೇ.

ಮೂರು ಊರಿನ ಹುಡುಗ

ತಿಪಟೂರಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಸಂಪಿಗೆ ರೋಡ್ ಅನ್ನೋ ಸಣ್ಣ ಸ್ಟೇಷನ್ನಿನ ಬೋರ್ಡು ನೋಡಿರ್ತೀರಿ. ಆ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ, 1884ರ ಜನವರಿ 3ರಂದು ಹುಟ್ಟಿದವರು ಬಿ.ಎಂ. ಶ್ರೀಕಂಠಯ್ಯ. ಪಠ್ಯಪುಸ್ತಕದ ಬಿಎಂಶ್ರೀ. ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ತಂದೆ ಮೈಲಾರಯ್ಯ ವಕೀಲಿ ಮಾಡಿಕೊಂಡು ನೆಲೆಸಿದ್ದು ಶ್ರೀರಂಗಪಟ್ಟಣದಲ್ಲಿ. ಅಂದರೆ ನಿಮ್ಮೂರು ಯಾವುದು ಅಂತ ಕೇಳಿದರೆ ಈ ಹುಡುಗ ಮೂರು ಉತ್ತರ ಕೊಡಬಹುದಿತ್ತು. ಇವತ್ತು ಅಪ್ಪನ ಊರು ಒಂದು, ಅಮ್ಮನ ಊರು ಒಂದು, ಓದಿದ್ದು ಇನ್ನೊಂದು ಕಡೆ ಅನ್ನುವ ನಮ್ಮೆಲ್ಲರ ಹಾಗೇ.

ಓದು ಆಗಿನ ಜಾಣ ಹುಡುಗರಿಗೆ ಹಾಕಿಟ್ಟಿದ್ದ ದಾರಿಯಲ್ಲೇ ನಡೀತು. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು, ಮದ್ರಾಸು. ಇಂಗ್ಲಿಷಿನಲ್ಲಿ ಎಂ.ಎ., ಜೊತೆಗೆ ಕಾನೂನು ಪದವಿ. ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬಹುದಿತ್ತು, ಸರ್ಕಾರಿ ಹುದ್ದೆಯಲ್ಲಿ ಮೇಲೇರಬಹುದಿತ್ತು. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು.

ಆ ಕಾಲೇಜಿನಲ್ಲಿ ಕನ್ನಡದ ಸ್ಥಿತಿ ಹೇಗಿತ್ತು ಅಂತ ತಿಳಿದರೆ ಮುಂದಿನದು ಅರ್ಥವಾಗುತ್ತೆ. ಮೈಸೂರು ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1916ರಲ್ಲಿ. ಕಾಲೇಜು ನಡೆಯುತ್ತಿದ್ದದ್ದು ಮದ್ರಾಸಿನ ವಿಶ್ವವಿದ್ಯಾಲಯದ ಕೆಳಗೆ. ಕನ್ನಡ ಪಂಡಿತರಿಗೆ ಸಂಬಳವೂ ಕಡಿಮೆ, ಹುಡುಗರ ನಡುವೆ ಗೌರವವೂ ಕಡಿಮೆ. ಕನ್ನಡ ಅಂದರೆ ಹಳಗನ್ನಡ, ಕಂದ ಪದ್ಯ, ಬಾಯಿಪಾಠ. ಮನಸ್ಸಿನ ಮಾತು, ಪ್ರೀತಿ, ದುಃಖ, ದೇಶದ ಬಗೆಗಿನ ಕನಸು, ಇವನ್ನೆಲ್ಲ ಆ ಹುಡುಗರು ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಓದಿ ಇಂಗ್ಲಿಷಿನಲ್ಲಿ ಅನುಭವಿಸುತ್ತಿದ್ದರು. ಮನೆಯಲ್ಲಿ ಆಡುವ ಭಾಷೆ ಒಂದು, ಎದೆಯೊಳಗೆ ಮಾತಾಡಿಕೊಳ್ಳುವ ಭಾಷೆ ಇನ್ನೊಂದು. ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಈ ಬಿರುಕು ಕಾಣಿಸಿತು, ಯಾಕಂದರೆ ಅವರೂ ಅದರೊಳಗಿಂದಲೇ ಬೆಳೆದು ಬಂದವರು.

ಧಾರವಾಡದಲ್ಲಿ ಒಂದು ಭಾಷಣ

1911ರಲ್ಲಿ, 27ರ ವಯಸ್ಸಿನಲ್ಲಿ, ಬಿಎಂಶ್ರೀ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾತಾಡಲು ಹೋದರು. ಧಾರವಾಡ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಅಲ್ಲಿ ಕನ್ನಡಕ್ಕೆ ಮರಾಠಿಯ ಒತ್ತಡ. ಮೈಸೂರಿನ ಕನ್ನಡಿಗನಿಗೂ ಧಾರವಾಡದ ಕನ್ನಡಿಗನಿಗೂ ಸರ್ಕಾರ ಬೇರೆ, ಶಾಲೆ ಬೇರೆ, ಆಡುವ ಧಾಟಿಯೂ ಬೇರೆ. ಕನ್ನಡ ಮಾತು ತಲೆ ಎತ್ತಬೇಕಾದರೆ ಏನು ಮಾಡಬೇಕು ಅನ್ನೋದು ಭಾಷಣದ ವಿಷಯ. ಅವರು ಹೇಳಿದ್ದರ ಸಾರ ಇಷ್ಟು. ಜನ ಆಡುವ ಕನ್ನಡಕ್ಕೆ ಹತ್ತಿರವಾದ, ತಿಳಿಯಾದ ಬರವಣಿಗೆ ಬರಬೇಕು. ಸಂಸ್ಕೃತದ ಭಾರ ಇಳಿಯಬೇಕು. ಹಳೆಯದನ್ನು ಓದಬೇಕು, ಆದರೆ ಅದನ್ನೇ ಹೊತ್ತು ಕೂರಬಾರದು. ಇಂಗ್ಲಿಷಿನಿಂದ ಹೊಸ ರಕ್ತ ಪಡೆಯಲು ನಾಚಬೇಕಿಲ್ಲ.

ಈ ಕೊನೆಯ ಮಾತು ನನಗೆ ಮುಖ್ಯ. ಕನ್ನಡ ಸೊರಗಿದೆ ಅಂತ ಅವರು ಇಂಗ್ಲಿಷನ್ನು ದೂರಲಿಲ್ಲ. ತಾನು ಚೆನ್ನಾಗಿ ಬಲ್ಲ ಇಂಗ್ಲಿಷನ್ನೇ ಕನ್ನಡದ ಕೆಲಸಕ್ಕೆ ಹಚ್ಚಿದರು. ಭಾಷಣ ಮಾಡಿ ಮನೆಗೆ ಹೋಗಿಬಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇವರು ಮುಂದಿನ 15 ವರ್ಷ ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತರುತ್ತಾ ಕೂತರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂತು.

ಈ ದಾರಿಯಲ್ಲಿ ಅವರೇ ಮೊದಲಿಗರಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದಿದ್ದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲಿ ಬಂದಿತ್ತು. ಆದರೆ ಕಾಲೇಜು ಹುಡುಗರ ಕಿವಿಗೆ ಬಿದ್ದದ್ದು, ಅವರ ಬಾಯಲ್ಲಿ ನಿಂತದ್ದು ಬಿಎಂಶ್ರೀ ತಂದ ಲಯ. ಸಾಲಿನ ಎರಡನೇ ಅಕ್ಷರ ಪ್ರಾಸವಾಗಲೇಬೇಕು ಅನ್ನುವ ಕಟ್ಟಳೆಯನ್ನು ಅವರು ಬಿಟ್ಟರು. ಮೂರು, ನಾಲ್ಕು, ಐದು ಮಾತ್ರೆಯ ಗುಂಪುಗಳನ್ನು ಬೇಕಾದ ಹಾಗೆ ಜೋಡಿಸಿದರು. ಆ ಗುಂಪುಗಳು ಕನ್ನಡಕ್ಕೆ ಹೊಸವಲ್ಲ, ರಗಳೆಯಲ್ಲೂ ಷಟ್ಪದಿಯಲ್ಲೂ ಮೊದಲಿಂದ ಇದ್ದವೇ. ಇಂಗ್ಲಿಷ್ ಭಾವಕ್ಕೆ ಕನ್ನಡದ ಹೆಜ್ಜೆ ಸಿಕ್ಕಿತು.

ನಮ್ಮ ಕಡೆಯ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತವರಿಗೆ ಅದರಲ್ಲೊಂದು ಪದ್ಯ ಬಾಯಿಗೆ ಬರುತ್ತೆ. ಮಂಜು ಮುಸುಕಿದ ದಾರಿಯಲ್ಲಿ ಕೈಹಿಡಿದು ನಡೆಸು ಅಂತ ಬೆಳಕನ್ನು ಬೇಡುವ ಪದ್ಯ. ಅದನ್ನು 1833ರಲ್ಲಿ ಬರೆದದ್ದು ನ್ಯೂಮನ್ ಅನ್ನೋ ಇಂಗ್ಲೆಂಡಿನ ಪಾದ್ರಿ. ಹಳ್ಳಿಯ ಲಿಂಗಾಯತರ, ಒಕ್ಕಲಿಗರ, ಕುರುಬರ, ದಲಿತರ, ಮುಸ್ಲಿಮರ ಮಕ್ಕಳು ಸಾಲಾಗಿ ನಿಂತು ಹಾಡುವ ಈ ಕನ್ನಡ ಪ್ರಾರ್ಥನೆ ಮೂಲದಲ್ಲಿ ಕ್ರೈಸ್ತ ಗೀತೆ ಅಂತ ಆ ಸಾಲಿನಲ್ಲಿದ್ದಾಗ ಯಾರಿಗೂ ಗೊತ್ತಿರೋದಿಲ್ಲ. ಗೊತ್ತಾದಾಗಲೂ ಅದು ಪರಕೀಯ ಅನ್ನಿಸೋದಿಲ್ಲ. ಅಷ್ಟರಲ್ಲಿ ಅದು ನಮ್ಮ ಬಾಲ್ಯದ ಭಾಗವಾಗಿಬಿಟ್ಟಿರುತ್ತೆ. ಸಂಸ್ಕೃತಿಯ ಶುದ್ಧತೆಯ ಬಗ್ಗೆ ಭಾಷಣ ಬಿಗಿಯುವವರಿಗೆ ಈ ಒಂದು ಪದ್ಯದ ಜಾತಕ ತೋರಿಸಿದರೆ ಸಾಕು.

ಸೋತವರ ಕಡೆ ನಿಂತ ನಾಟಕಗಳು

ಬಿಎಂಶ್ರೀ ಅಂದರೆ ಗೀತಗಳು ಅಂತ ಅಲ್ಲಿಗೇ ನಿಲ್ಲಿಸ್ತೇವೆ. ಅವರ ಮೂರು ನಾಟಕಗಳನ್ನು ಈಗಿನ ರಾಜಕಾರಣದ ಎದುರಿಗಿಟ್ಟು ಓದಬೇಕು. ರನ್ನನ ಕಾವ್ಯದಿಂದ ಮಾಡಿದ ‘ಗದಾಯುದ್ಧ ನಾಟಕಂ’ (1926) ದುರ್ಯೋಧನನನ್ನು ದುರಂತನಾಯಕನಾಗಿ ನಿಲ್ಲಿಸುತ್ತೆ. ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ಬರೆದ ‘ಅಶ್ವತ್ಥಾಮನ್’ (1929) ಪುರಾಣ ಚಿರಂಜೀವಿ ಅಂತ ನಂಬಿಸಿದವನನ್ನೇ ರಂಗದ ಮೇಲೆ ಸಾಯಿಸುತ್ತೆ. ಈಸ್ಕಿಲಸನಿಂದ ತಂದ ‘ಪಾರಸಿಕರು’ (1935) ಇನ್ನೂ ವಿಶೇಷ. ಸಲಾಮಿಸ್ ಕಾಳಗದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿ ಎಂಟೇ ವರ್ಷಕ್ಕೆ, ಗೆದ್ದ ಕಡೆಯ ಕವಿಯೊಬ್ಬ ಸೋತ ಶತ್ರುವಿನ ಅರಮನೆಯಲ್ಲಿ ಕೂತು ಅಳುವವರ ನಾಟಕ ಬರೆದ. ಮೇಷ್ಟ್ರು ಹುಡುಕಿ ಹುಡುಕಿ ಅದನ್ನೇ ಕನ್ನಡಕ್ಕೆ ತಂದರು.

ನಾವು ಯಾರು ಅಂತ ಹೇಳಿಕೊಳ್ಳೋಕೆ ಎದುರಿಗೊಬ್ಬ ಶತ್ರು ಬೇಕು ಅನ್ನೋದು ನಮ್ಮ ಕಾಲದ ಹುಡುಗರಿಗೆ ದಿನಾ ಫೋನಿನಲ್ಲಿ ಬಂದು ಬೀಳುವ ಪಾಠ. ಬಿಎಂಶ್ರೀ ಆರಿಸಿಕೊಂಡ ಮೂರೂ ಕಥೆಗಳು ಇದಕ್ಕೆ ತದ್ವಿರುದ್ಧ. ತನ್ನದಲ್ಲದ ನೋವನ್ನು ತನ್ನ ಭಾಷೆಯಲ್ಲಿ ಹೇಳಲು ಬಂದರೆ ಆ ಭಾಷೆ ಬೆಳೆಯುತ್ತೆ ಅನ್ನೋ ನಂಬಿಕೆ ಆ ಆಯ್ಕೆಯ ಹಿಂದೆ ನನಗೆ ಕಾಣುತ್ತೆ.

ಕಟ್ಟಿದ ಮೆಟ್ಟಿಲು, ಮುಚ್ಚಿದ ಬಾಗಿಲು

1926ರಲ್ಲಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆದಾಗ ಅವರು ಕೈಯಲ್ಲಿ ಸಿಕ್ಕ ಅಧಿಕಾರವನ್ನು ಕನ್ನಡಕ್ಕೆ ಬಳಸಿದರು. ಮರುವರ್ಷವೇ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾಯಿತು. 1922ರಲ್ಲಿ ಇಂಗ್ಲಿಷ್ ಪದ್ಯಗಳ ಪುಸ್ತಕ ಅಚ್ಚು ಹಾಕಿಸಿದ್ದ ಕುಪ್ಪಳಿಯ ಹುಡುಗ ಪುಟ್ಟಪ್ಪ ಮೊದಲ ತಂಡದಲ್ಲೇ ಕನ್ನಡ ಎಂ.ಎ. ಓದಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯ ಇಂಗ್ಲಿಷ್, ಕನ್ನಡ ಎರಡರಲ್ಲೂ ಎಂ.ಎ. ಮಾಡಿ, 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ ಕೊಟ್ಟರು. ನಮ್ಮ ಕೊಬ್ಬರಿ ಸೀಮೆಯ ಇಬ್ಬರು ಶ್ರೀಕಂಠಯ್ಯಂದಿರು ಕನ್ನಡವನ್ನು ಕಾಲೇಜಿನಲ್ಲಿ ಓದಬಹುದಾದ, ಓದಿ ತಲೆ ಎತ್ತಿ ನಡೆಯಬಹುದಾದ ವಿಷಯವಾಗಿಸಿದರು.

ಅದೇ ಕಾಲದಲ್ಲಿ ಕನ್ನಡ ಕಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಹುಟ್ಟಿನ ಸರ್ಟಿಫಿಕೇಟ್ ಕೇಳಿದ್ದರೆ ಹೊಸಗನ್ನಡದ ಅರ್ಧ ಕಪಾಟು ಖಾಲಿಯಾಗುತ್ತಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಜಯಂತಿ ಭಾಷಣ ಆಗುತ್ತೆ. ಆ ಕ್ಲಾಸ್‌ರೂಮಿನಲ್ಲಿ ಯಾರು ಕೂತಿದ್ದರು ಅನ್ನೋದನ್ನೂ ಕೇಳಬೇಕಲ್ವಾ? ಬಹುಪಾಲು ಬ್ರಾಹ್ಮಣ ಗಂಡುಹುಡುಗರು. ಮೈಸೂರು ಸಂಸ್ಥಾನದ ನೌಕರಿಯಲ್ಲೂ ಅವರದೇ ಪ್ರಾಬಲ್ಯ ಅನ್ನುವ ಕೂಗಿಗೆ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಬಿಎಂಶ್ರೀ ಕನ್ನಡಕ್ಕೆ ಹೊಸ ಲಯ ಹುಡುಕುತ್ತಿದ್ದ ವರ್ಷಗಳಲ್ಲೇ ಇತರ ಜಾತಿಗಳ ಮಕ್ಕಳು ಶಾಲೆಗೂ ಹಾಸ್ಟೆಲ್ಲಿಗೂ ದಾರಿ ಹುಡುಕುತ್ತಿದ್ದರು. ಜನ ಆಡುವ ಕನ್ನಡ ಅಂತ 1911ರಲ್ಲಿ ಹೇಳಿದಾಗ ಆ ಜನರಲ್ಲಿ ಹೊಲಗೇರಿಯವರ ಮಾತು ಎಷ್ಟಿತ್ತು?

ಆ ಪ್ರಶ್ನೆ ಸ್ಫೋಟಿಸಲು 1973 ಬರಬೇಕಾಯಿತು. ಆ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ರಾಜ್ಯ ಹೊತ್ತಿ ಉರಿಯಿತು. ಕನ್ನಡದ ಹೆಸರಿನಲ್ಲೇ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯಿತು, ಬಸವಲಿಂಗಪ್ಪ ಮಂತ್ರಿಗಿರಿ ಕಳಕೊಂಡರು. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಬಂತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಕೆ.ಬಿ. ಸಿದ್ದಯ್ಯ ‘ಬಕಾಲ’ ಬರೆದರು. ಮತ್ತೊಬ್ಬ ಇಂಗ್ಲಿಷ್ ಮೇಷ್ಟ್ರು, ಮತ್ತೊಂದು ಕನ್ನಡ. ಬಿಎಂಶ್ರೀ ಅರ್ಧಕ್ಕೆ ಬಿಟ್ಟಿದ್ದ ಕೆಲಸವನ್ನು ಮುಂದುವರಿಸಿದವರು ಇವರು ಅಂತ ನಾನು ನಂಬ್ತೀನಿ. ಇಬ್ಬರನ್ನೂ ಒಂದೇ ಕಪಾಟಿನಲ್ಲಿಟ್ಟು ಓದದಿದ್ದರೆ ನಮ್ಮ ಕನ್ನಡತನ ಅರೆಬೆಂದದ್ದೇ.

ಕೊನೆಗೆ ಧಾರವಾಡ

1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಬಿಎಂಶ್ರೀ ‘ಕನ್ನಡ ನುಡಿ’ ಪತ್ರಿಕೆ ಹೊರಡಿಸಿದರು, ಕಾಲೇಜು ಮೆಟ್ಟಿಲು ಹತ್ತದವರಿಗೂ ಕನ್ನಡ ಪರೀಕ್ಷೆಗಳನ್ನು ಶುರುಮಾಡಿದರು. ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸಕ್ಕೆ ವರ್ಷಗಟ್ಟಲೆ ಹೆಗಲು ಕೊಟ್ಟರು. 1942ರಲ್ಲಿ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಬಹುದಿತ್ತು. ಆದರೆ 60ರ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿ ಮತ್ತೆ ಅದೇ ಧಾರವಾಡಕ್ಕೆ ಹೋದರು, ಹೊಸದಾಗಿ ಶುರುವಾಗಿದ್ದ ಕಾಲೇಜೊಂದರ ಪ್ರಾಂಶುಪಾಲರಾಗಿ. 1946ರ ಜನವರಿ 5ರಂದು ಅಲ್ಲೇ ತೀರಿಕೊಂಡರು. ಅವರು ದುಡಿದ ನಿಘಂಟು ಅಚ್ಚಾಗಿ ಬಂದದ್ದೂ ಅದೇ ವರ್ಷ. ಕರ್ನಾಟಕ ಒಂದಾಗಲು ಇನ್ನೂ ಹತ್ತು ವರ್ಷ ಬಾಕಿ ಇತ್ತು. ಸಂಪಿಗೆಯಲ್ಲಿ ಹುಟ್ಟಿ ಧಾರವಾಡದಲ್ಲಿ ಸತ್ತ ಆ ಮನುಷ್ಯನ ಮಟ್ಟಿಗೆ ಅದು ಮೊದಲೇ ಒಂದಾಗಿತ್ತು.

ಇವತ್ತಿನ ಲೆಕ್ಕಕ್ಕೆ ಬರೋಣ. 1994ರ ಕನ್ನಡ ಮಾಧ್ಯಮದ ಆದೇಶವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿತು. 2019ರಲ್ಲಿ ಸರ್ಕಾರವೇ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಕೊಬ್ಬರಿ ರೇಟು ಬಿದ್ದ ವರ್ಷವೂ ಸಾಲ ಮಾಡಿ ಮಗಳನ್ನು ಕಾನ್ವೆಂಟಿಗೆ ಕಳಿಸುವ ನಮ್ಮೂರಿನ ತಾಯಿಗೆ ಕನ್ನಡದ್ರೋಹಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಇಂಗ್ಲಿಷ್ ಎಲ್ಲರಿಗೂ ಸಿಗಬೇಕು. ಅದರ ಜೊತೆಗೆ, ಆ ಮಗಳಿಗೆ ಕನ್ನಡ ಬರೀ ಮಾರ್ಕ್ಸಿನ ಸಬ್ಜೆಕ್ಟ್ ಆಗದ ಹಾಗೆ ಪಾಠ ಹೇಳುವ ಮೇಷ್ಟ್ರು, ಹೋಬಳಿಗೊಂದು ಬಾಗಿಲು ತೆರೆದಿರುವ ಲೈಬ್ರರಿ, ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳಿಗೆ ನೇಮಕ, ಇವನ್ನು ಕೇಳಬೇಕಾದವರು ನಾವು. ಶಾಲು ಹಾಕಿ ಕೂಗುವವರು ಇವನ್ನು ಕೇಳಿದ್ದನ್ನು ನಾನು ನೋಡಿಲ್ಲ.

ನಿಮ್ಮದು ಯಾವ ಮೀಡಿಯಂ ಆದರೂ ಸರಿ. ಓದಿದ ಇಂಗ್ಲಿಷಿನಿಂದ, ಕಲಿತ ಕೋಡಿಂಗಿನಿಂದ, ಹಾಡುವ ರ‍್ಯಾಪಿನಿಂದ ಒಂದಿಷ್ಟನ್ನು ನಿಮ್ಮೂರ ಕನ್ನಡಕ್ಕೆ ತಂದು ನೋಡಿ. ಹದಿನೈದು ವರ್ಷ ಹಿಡಿಯಬಹುದು. ಆ ಮೇಷ್ಟ್ರಿಗೂ ಅಷ್ಟೇ ಹಿಡಿದಿತ್ತು.