ಗಂಗೆಗೆ ಸರಪಳಿ ಬಿಗಿದ ರಾಸಮಣಿ

ರಾಮಕೃಷ್ಣ ಪರಮಹಂಸರು ನಮಗೆಲ್ಲ ಗೊತ್ತು. ಅವರು ಪೂಜೆ ಮಾಡಿದ ದಕ್ಷಿಣೇಶ್ವರದ ಗುಡಿ ಕಟ್ಟಿಸಿದ ರಾಣಿ ರಾಸಮಣಿ? ನನಗಂತೂ ತೀರಾ ತಡವಾಗಿ ಗೊತ್ತಾಯ್ತು.

1793ರಲ್ಲಿ ಬಂಗಾಳದ ಕೈವರ್ತ ಜಾತಿಯ ಬಡಮನೆಯಲ್ಲಿ ಹುಟ್ಟಿದವರು. ಸಿರಿವಂತ ಗಂಡ 1836ರಲ್ಲಿ ತೀರಿಕೊಂಡ ಮೇಲೆ ಜಮೀನು, ವ್ಯವಹಾರ ಎಲ್ಲ ತಾವೇ ನೋಡಿಕೊಂಡರು. ಕಂಪನಿ ಸರ್ಕಾರ ಬೆಸ್ತರ ಮೇಲೆ ತೆರಿಗೆ ಹೇರಿದಾಗ ಬರೀ ಅರ್ಜಿ ಹಾಕಿ ಕೂರಲಿಲ್ಲ. ಹೂಗ್ಲಿ ನದಿಯ ಒಂದು ಭಾಗವನ್ನೇ ಗುತ್ತಿಗೆ ಹಿಡಿದು, ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿಸಿದರು. ಹಡಗುಗಳು ನಿಂತವು, ತೆರಿಗೆ ಹೋಯ್ತು.

ಜಾತಿಯ ಎದುರು ಮಾತ್ರ ಈ ಜಾಣ್ಮೆ ಪೂರ್ತಿ ನಡೆಯಲಿಲ್ಲ. ಶೂದ್ರ ಹೆಂಗಸಿನ ಗುಡಿಯಲ್ಲಿ ಪೂಜೆ ಮಾಡಲು ಪುರೋಹಿತರು ಒಪ್ಪಲಿಲ್ಲ. ಗುಡಿಯನ್ನು ಬ್ರಾಹ್ಮಣರಿಗೆ ದಾನವಾಗಿ ಒಪ್ಪಿಸಿದ ಮೇಲೆಯೇ 1855ರಲ್ಲಿ ಅದರ ಬಾಗಿಲು ತೆರೆಯಿತು. 1861ರಲ್ಲಿ ಅವರು ತೀರಿಕೊಂಡರು.

ಕಂಪನಿಯನ್ನು ಮಣಿಸಿದವರೂ ತಮ್ಮದೇ ಗುಡಿಗೆ ಬೇರೆಯವರ ಹೆಸರು ಹಾಕಬೇಕಾಯ್ತು. ಸಾಧಕಿಯರ ಪಟ್ಟಿ ಮಾಡುವಾಗ ನಾವು ಈ ಸೋಲನ್ನೂ ಬರೆಯಬೇಕು.